ವಂಶವಾಹಿಯ ಕತ್ತರಿಯೂ ಮನೆಯ ಬೀಜವೂ



ಇಂಡಿಯ ಲಿಂಬೆ ಮಾರುಕಟ್ಟೆಗೆ ಹೋದವರು ಒಂದು ನೋಟವನ್ನು ಕಂಡಿರುತ್ತೀರಿ. ಚೀಲ ಸುರುವಿದೊಡನೆ ವ್ಯಾಪಾರಿಯ ಕೈ ಹಣ್ಣಿನ ರಾಶಿಯ ಮೇಲೆ ಓಡಾಡುತ್ತದೆ. ನುಣುಪಾದ ಹಣ್ಣು ಒಂದು ಕಡೆಗೆ ಸರಿಯುತ್ತದೆ. ಮೈಮೇಲೆ ಕಂದು ಬಣ್ಣದ ಒರಟು ಕಜ್ಜಿ ಎದ್ದ ಹಣ್ಣು ಇನ್ನೊಂದು ಕಡೆಗೆ. ಎರಡರ ರಸವೂ ಒಂದೇ, ಹುಳಿಯೂ ಒಂದೇ. ಆದರೆ ಬೆಲೆ ಮಾತ್ರ ಒಂದೇ ಅಲ್ಲ. ವರ್ಷವಿಡೀ ನೀರು ಹಾಯಿಸಿ, ಬೇಲಿ ಕಾಯ್ದು ಬೆಳೆದ ಕುಟುಂಬದ ಗಳಿಕೆ ಆ ಚುಕ್ಕೆಗಳಲ್ಲಿ ಸೋರಿ ಹೋಗುತ್ತದೆ.

ಬಸವನ ಬಾಗೇವಾಡಿ, ಸಿಂದಗಿ, ಮುದ್ದೇಬಿಹಾಳದ ಕಡೆಯವರಿಗೆ ಇದೇ ನೋವು ತೊಗರಿಯಲ್ಲಿದೆ. ಹೂವಾಗಿ ಕಾಯಿ ಹಿಡಿಯುವ ಹೊತ್ತಿಗೆ ಗಿಡ ನಿಂತಲ್ಲೇ ಬಾಡಿ ಒಣಗುತ್ತದೆ. ಕಾಂಡವನ್ನು ಸೀಳಿ ನೋಡಿದರೆ ಒಳಗೆ ಕಪ್ಪು ಗೆರೆ. ಅದೇ ನೆಟೆ ರೋಗ. 2022ರ ಮುಂಗಾರು ಹಂಗಾಮಿನ ತೊಗರಿಯನ್ನು ಈ ರೋಗ ಕಲಬುರಗಿ ಮತ್ತು ವಿಜಯಪುರ ಜಿಲ್ಲೆಗಳಲ್ಲಿ ಹೇಗೆ ಹಾಳುಮಾಡಿತೆಂಬುದು ಅನೇಕ ಮನೆಗಳಿಗೆ ನೆನಪಿದೆ.

ಈಗ ಹೊಸದೊಂದು ಸುದ್ದಿ ಹಳ್ಳಿಗಳಿಗೂ ಬಂದಿದೆ. ಗಿಡದ ಒಳಗಿನ ವಂಶವಾಹಿಯನ್ನೇ ತಿದ್ದಿ, ರೋಗ ತಾಳುವ, ಹೆಚ್ಚು ಕಾಳು ಕೊಡುವ ತಳಿಗಳನ್ನು ವಿಜ್ಞಾನಿಗಳು ಮಾಡುತ್ತಿದ್ದಾರೆ. ಕೃಷಿ ಓದಿದ ಮಗ ಊಟದ ಹೊತ್ತಿನಲ್ಲಿ ಈ ಮಾತೆತ್ತಿದರೆ ಮನೆಯಲ್ಲಿ ಏನಾಗಬಹುದು?

"ದೇವರು ಮಾಡಿದ ಬೀಜಾ ತಿದ್ದಾಕ ನಾವ್ಯಾರೋ?" ಎಂದು ಮುತ್ಯಾ ಕೇಳಬಹುದು.

"ಮುತ್ಯಾ, ರೋಗ ಬಂದ್ರ ಔಷಧ ಹೊಡಿತೀವಲ್ಲ? ಗಿಡದಾಗನ ಶಕ್ತಿ ಇದ್ರ ಔಷಧ ಯಾಕ ಬೇಕು?" ಎಂದು ಮೊಮ್ಮಗ ಕೇಳಬಹುದು.

ಇಬ್ಬರ ಪ್ರಶ್ನೆಯೂ ಪ್ರಾಮಾಣಿಕವಾದದ್ದೇ. ಇಬ್ಬರನ್ನೂ ಸುಮ್ಮನಾಗಿಸದೆ, ವಿಷಯವನ್ನು ತಿಳಿದುಕೊಂಡು ಮಾತನಾಡುವುದು ಕ್ರೈಸ್ತ ಕುಟುಂಬದ ಕರ್ತವ್ಯ. ಆ ತಿಳಿವಳಿಕೆಗಾಗಿ ಈ ಪಾಠ.

ಮಠದ ತೋಟದಲ್ಲಿ ಆರಂಭ

ವಂಶವಾಹಿಯ ವಿಜ್ಞಾನ ದೇವರನ್ನು ನಂಬದವರ ಕೈಯಲ್ಲಿ ಹುಟ್ಟಿತೆಂದು ಕೆಲವರು ತಿಳಿದಿದ್ದಾರೆ. ಅದು ಸರಿಯಲ್ಲ. 1822ರಲ್ಲಿ ರೈತ ಕುಟುಂಬವೊಂದರಲ್ಲಿ ಹುಟ್ಟಿದ ಗ್ರೆಗರ್ ಮೆಂಡೆಲ್, 1843ರಲ್ಲಿ ಬ್ರನೊ ನಗರದ ಸಂತ ಥಾಮಸರ ಮಠವನ್ನು ಸೇರಿದರು. ಅದು ಸಂತ ಅಗಸ್ಟೀನರ ಸಭೆಯ ಮಠ. ಇಂದಿನ ಪೋಪ್ ಹದಿನಾಲ್ಕನೆಯ ಲಿಯೊರವರೂ ಅದೇ ಸಭೆಯವರು. ಮೆಂಡೆಲರು 1856ರಿಂದ 1863ರವರೆಗೆ ಮಠದ ತೋಟದಲ್ಲಿ ಸಾವಿರಾರು ಬಟಾಣಿ ಗಿಡಗಳನ್ನು ಬೆಳೆಸಿ, ಒಂದರ ಪರಾಗವನ್ನು ಇನ್ನೊಂದಕ್ಕೆ ಸೇರಿಸಿ, ಕಾಳುಗಳನ್ನು ಎಣಿಸಿ ಬರೆದಿಟ್ಟರು. ದುಂಡು ಕಾಳೆಷ್ಟು, ಸುಕ್ಕು ಕಾಳೆಷ್ಟು, ಹಳದಿ ಎಷ್ಟು, ಹಸಿರೆಷ್ಟು ಎಂಬ ಆ ಎಣಿಕೆಯಿಂದ, ತಂದೆತಾಯಿಯ ಗುಣಗಳು ಮಕ್ಕಳಿಗೆ ಒಂದು ಕ್ರಮದಲ್ಲೇ ಹೋಗುತ್ತವೆಂದು ಕಂಡುಕೊಂಡರು. 1866ರಲ್ಲಿ ಅಚ್ಚಾದ ಅವರ ಲೇಖನಕ್ಕೆ ಆಗ ಬೆಲೆ ಸಿಗಲಿಲ್ಲ. ಅವರು 1884ರಲ್ಲಿ ತೀರಿಕೊಂಡರು. 1900ರಲ್ಲಿ ಲೋಕಕ್ಕೆ ಅದರ ಅರಿವಾಯಿತು.

ಮೆಂಡೆಲರ ಸುಕ್ಕು ಕಾಳಿನ ಗುಟ್ಟು 1990ರಲ್ಲಿ ಹೊರಬಿತ್ತು. ಕಾಳಿನೊಳಗೆ ಪಿಷ್ಟ ಕಟ್ಟುವ ಒಂದು ವಂಶವಾಹಿಯ ನಡುವೆ ಡಿ.ಎನ್.ಎ.ಯ ತುಣುಕೊಂದು ತಾನಾಗಿಯೇ ಹೊಕ್ಕು ಅದನ್ನು ಕೆಡಿಸಿತ್ತು. ಯಾವ ಮನುಷ್ಯನೂ ಅದನ್ನು ಮಾಡಿರಲಿಲ್ಲ. ಅಂದರೆ ವಂಶವಾಹಿಗಳು ಪ್ರಕೃತಿಯಲ್ಲೇ ಬದಲಾಗುತ್ತಿರುತ್ತವೆ. ಹಾಗೆ ಬದಲಾದ ಗಿಡಗಳಲ್ಲಿ ಒಳ್ಳೆಯದನ್ನು ಆರಿಸಿ, ಅದರ ಬೀಜವನ್ನು ಕಾದಿರಿಸಿದವರು ನಮ್ಮ ಹಿರಿಯರು. ನಾವು ಬಿತ್ತುವ ಹಿಂಗಾರಿ ಮಾಲದಂಡಿ ಜೋಳ ಕಾಡಿನಲ್ಲಿ ಸಿಕ್ಕಿದ್ದಲ್ಲ. ಎಷ್ಟೋ ತಲೆಮಾರುಗಳ ಕಣ್ಣು ಕೈಗಳು ಅದನ್ನು ಆರಿಸಿವೆ. ಆದ್ದರಿಂದ ಮುತ್ಯಾನ ಪ್ರಶ್ನೆಗೆ ಮೊದಲ ಉತ್ತರವಿದು: ದೇವರು ಕೊಟ್ಟ ಬೀಜವನ್ನು ಮನುಷ್ಯ ಎಂದಿನಿಂದಲೂ ಆರಿಸುತ್ತ, ಬೆರೆಸುತ್ತ ಬಂದಿದ್ದಾನೆ. ಇಂದು ಹೊಸದಾಗಿರುವುದು ಆ ಕೆಲಸದ ವೇಗ ಮತ್ತು ಬಲ.

ಮೂರು ದಾರಿಗಳು

ಹೊಸ ತಳಿ ಮಾಡುವ ದಾರಿಗಳನ್ನು ಒಂದರೊಡನೊಂದು ಗೊಂದಲ ಮಾಡಿಕೊಳ್ಳಬಾರದು.

ಮೊದಲನೆಯದು ಸಂಕರಣ. ಒಂದೇ ಜಾತಿಯ ಎರಡು ಗಿಡಗಳನ್ನು ಕೂಡಿಸಿ, ಅವುಗಳ ಮಕ್ಕಳಲ್ಲಿ ಬೇಕಾದ ಗುಣದ್ದನ್ನು ಆರಿಸುವುದು. ನಮ್ಮ ಕೃಷಿ ವಿಶ್ವವಿದ್ಯಾಲಯಗಳ ಬಹುಪಾಲು ತಳಿಗಳು ಆಯ್ಕೆ ಮತ್ತು ಸಂಕರಣದಿಂದಲೇ ಬಂದವು.

ಎರಡನೆಯದು ಕುಲಾಂತರ. ಬೇರೆ ಜೀವಿಯ ವಂಶವಾಹಿಯನ್ನು ತಂದು ಗಿಡದಲ್ಲಿ ಸೇರಿಸುವುದು. ಬಿ.ಟಿ. ಹತ್ತಿ ಇದಕ್ಕೆ ಉದಾಹರಣೆ. ಮಣ್ಣಿನ ಒಂದು ಬ್ಯಾಕ್ಟೀರಿಯದ ವಂಶವಾಹಿ ಹತ್ತಿಯಲ್ಲಿ ಸೇರಿ, ಕಾಯಿಕೊರಕ ಹುಳುವಿಗೆ ವಿಷವಾಗುವ ಪದಾರ್ಥವನ್ನು ಗಿಡವೇ ಮಾಡುವಂತಾಯಿತು.

ಮೂರನೆಯದೇ ವಂಶವಾಹಿ ತಿದ್ದುಪಡಿ. ಇಲ್ಲಿ ಗಿಡದ ಸ್ವಂತ ವಂಶವಾಹಿಯಲ್ಲೇ ಒಂದು ಗೊತ್ತಾದ ಜಾಗವನ್ನು ಕತ್ತರಿಸಿ ಬದಲಾಯಿಸಲಾಗುತ್ತದೆ. ಇದಕ್ಕೆ ಬಳಸುವ ಮುಖ್ಯ ಸಾಧನದ ಹೆಸರು ಕ್ರಿಸ್ಪರ್. ವೈರಸ್‌ಗಳಿಂದ ತಮ್ಮನ್ನು ಕಾಪಾಡಿಕೊಳ್ಳಲು ಬ್ಯಾಕ್ಟೀರಿಯಗಳು ಬಳಸುವ ಉಪಾಯವೇ ಇದರ ಮೂಲ. ಜಾಗ ತೋರಿಸಲು ಒಂದು ಮಾರ್ಗದರ್ಶಿ ಎಳೆ, ಕತ್ತರಿಸಲು ಕ್ಯಾಸ್-9 ಎಂಬ ಪ್ರೋಟೀನು. ಎಮ್ಯಾನುಯೆಲ್ ಶಾರ್ಪಾಂಟಿಯೆ ಮತ್ತು ಜೆನಿಫರ್ ಡೌಡ್ನಾ ಎಂಬ ಇಬ್ಬರು ಮಹಿಳೆಯರು 2012ರಲ್ಲಿ ಇದನ್ನು ಬೇಕಾದ ಕಡೆ ಕತ್ತರಿಸುವ ಸಾಧನವಾಗಿ ತೋರಿಸಿದರು. 2020ರಲ್ಲಿ ಅವರಿಗೆ ರಸಾಯನಶಾಸ್ತ್ರದ ನೊಬೆಲ್ ಬಹುಮಾನ ಬಂದಿತು.

ಇವುಗಳ ಜೊತೆಗೆ ಸಂಶ್ಲೇಷಿತ ಜೀವಶಾಸ್ತ್ರವೆಂಬ ಮಾತನ್ನೂ ನೀವು ಕೇಳಬಹುದು. ಒಂದೆರಡು ಅಕ್ಷರ ತಿದ್ದುವುದಕ್ಕೆ ಬದಲಾಗಿ, ಅನೇಕ ವಂಶವಾಹಿಗಳನ್ನು ಜೋಡಿಸಿ ಗಿಡಕ್ಕೆ ಹೊಸದೊಂದು ಕೆಲಸವನ್ನೇ ಕಲಿಸುವ ಪ್ರಯತ್ನವದು. ತೊಗರಿ, ಕಡಲೆಗಳ ಬೇರುಗಂಟಿನಲ್ಲಿ ಬ್ಯಾಕ್ಟೀರಿಯಗಳು ಗಾಳಿಯ ಸಾರಜನಕವನ್ನು ಗೊಬ್ಬರವಾಗಿಸುವುದು ನಿಮಗೆ ಗೊತ್ತು. ಏಕದಳ ಧಾನ್ಯಗಳಿಗೂ ಅಂಥ ಅನುಕೂಲ ಒದಗಿಸಲಾದೀತೇ ಎಂದು ಹಲವು ದೇಶಗಳಲ್ಲಿ ಸಂಶೋಧನೆ ನಡೆದಿದೆ. ಅದು ರೈತನ ಹೊಲಕ್ಕೆ ಬರುವ ಮಾತು ಇನ್ನೂ ದೂರ.

ಬೀಗ ಮತ್ತು ಕೀಲಿಕೈ

ವಂಶವಾಹಿ ತಿದ್ದುಪಡಿ ಏನು ಮಾಡಬಲ್ಲದೆಂದು ತಿಳಿಯಲು ಲಿಂಬೆಯ ಕಜ್ಜಿಗಿಂತ ಒಳ್ಳೆಯ ಉದಾಹರಣೆ ಬೇಡ.

ಕಜ್ಜಿ ರೋಗಕ್ಕೆ ಕಾರಣ ಕ್ಸಾಂಥೊಮೊನಾಸ್ ಎಂಬ ಬ್ಯಾಕ್ಟೀರಿಯ. ಮಳೆಹನಿ ಮತ್ತು ಗಾಳಿಯೊಡನೆ ಅದು ಎಲೆಯ ಸಣ್ಣ ರಂಧ್ರಗಳಲ್ಲಿ, ಹುಳು ಕೊರೆದ ಗಾಯಗಳಲ್ಲಿ ಒಳಹೊಗುತ್ತದೆ. ಒಳಗೆ ಹೋದಮೇಲೆ ತನ್ನದೊಂದು ಪ್ರೋಟೀನನ್ನು ಗಿಡದ ಜೀವಕೋಶಕ್ಕೆ ಚುಚ್ಚುತ್ತದೆ. ಆ ಪ್ರೋಟೀನು ಕೀಲಿಕೈಯಂತೆ. ಗಿಡದ ಸ್ವಂತ ವಂಶವಾಹಿಯೊಂದರ ಮುಂಭಾಗದಲ್ಲಿ ಅದಕ್ಕೆ ಹೊಂದುವ ಬೀಗವಿದೆ. ಕೀಲಿ ತಿರುಗಿದೊಡನೆ ಆ ವಂಶವಾಹಿ ಕೆಲಸಕ್ಕೆ ತೊಡಗಿ, ಜೀವಕೋಶಗಳು ಉಬ್ಬಿ ಒಡೆಯುತ್ತವೆ. ನಾವು ಕಾಣುವ ಒರಟು ಕಜ್ಜಿ ಅದೇ. ಒಡೆದ ಬಾಯಿಂದ ಹೊರಬಂದ ಬ್ಯಾಕ್ಟೀರಿಯ ಮುಂದಿನ ಮಳೆಯಲ್ಲಿ ಪಕ್ಕದ ಗಿಡಕ್ಕೆ ಹಾರುತ್ತದೆ. ಅಂದರೆ ಕಳ್ಳನು ಮನೆಯವರ ಬೀಗವನ್ನೇ ತೆರೆದು ಮನೆಯನ್ನು ಹಾಳುಮಾಡುತ್ತಾನೆ.

ಹಾಗಾದರೆ ಬೀಗವನ್ನು ಬದಲಿಸಿದರೆ ಹೇಗೆ? 2017ರಲ್ಲಿ ಚೀನಾದ ವಿಜ್ಞಾನಿಗಳು ಕಿತ್ತಳೆಯಲ್ಲಿ, ಅಮೆರಿಕದ ಫ್ಲೋರಿಡಾದವರು ದ್ರಾಕ್ಷಿಹಣ್ಣಲ್ಲದ, ಚಕ್ಕೋತದ ಬಳಗಕ್ಕೆ ಸೇರಿದ ಗ್ರೇಪ್‌ಫ್ರೂಟ್ ಎಂಬ ಹಣ್ಣಿನ ಗಿಡದಲ್ಲಿ ಕ್ರಿಸ್ಪರ್ ಬಳಸಿ ಈ ವಂಶವಾಹಿಯನ್ನು ತಿದ್ದಿದ ವಿವರಗಳನ್ನು ಪ್ರಕಟಿಸಿದರು. ತಿದ್ದಿದ ಗಿಡಗಳಲ್ಲಿ ಕಜ್ಜಿ ಬಹಳವಾಗಿ ಕಡಿಮೆಯಾಯಿತು. ಅಲ್ಲಿ ರೋಗವನ್ನು ತಡೆಯಲು ಹೊಸ ವಿಷವನ್ನು ಸೇರಿಸಿರಲಿಲ್ಲ. ಕೀಲಿ ತಿರುಗದಂತೆ ಮಾಡಿದ್ದರು, ಅಷ್ಟೇ.

ಆದರೆ ಇಲ್ಲೊಂದು ತೊಡಕಿದೆ. ಅದು ಇಂಡಿಯ ಲಿಂಬೆಗೆ ನೇರವಾಗಿ ಸಂಬಂಧಿಸಿದ್ದು. ಕತ್ತರಿಯನ್ನು ಗಿಡದೊಳಗೆ ಕಳಿಸಲು ವಿಜ್ಞಾನಿಗಳು ಸಾಮಾನ್ಯವಾಗಿ ಕತ್ತರಿಯ ವಂಶವಾಹಿಯನ್ನೇ ಗಿಡದಲ್ಲಿ ಸೇರಿಸುತ್ತಾರೆ. ಭತ್ತದಂಥ ಬೆಳೆಯಲ್ಲಿ ಮುಂದಿನ ಪೀಳಿಗೆಯ ಸಸಿಗಳನ್ನು ಪರೀಕ್ಷಿಸಿ, ತಿದ್ದುಪಡಿ ಉಳಿದು ಕತ್ತರಿ ಇಲ್ಲದವನ್ನು ಆರಿಸಿಕೊಳ್ಳಬಹುದು. ಕಾಗಜಿ ಲಿಂಬೆಯಲ್ಲಿ ಅದು ಸುಲಭವಲ್ಲ. ಒಂದು ಲಿಂಬೆ ಬೀಜವನ್ನು ಊರಿದರೆ ಎರಡು ಮೂರು ಮೊಳಕೆ ಬರುವುದನ್ನು ನೀವು ಕಂಡಿರುತ್ತೀರಿ. ಅವುಗಳಲ್ಲಿ ಬಹುಪಾಲು ತಾಯಿಗಿಡದ ಪಡಿಯಚ್ಚುಗಳು. ತಂದೆಯ ಪಾಲು ಅವುಗಳಲ್ಲಿ ಇರುವುದಿಲ್ಲ. ತಾಯಿಯಲ್ಲಿ ಕತ್ತರಿ ಇದ್ದರೆ ಮಕ್ಕಳಲ್ಲೂ ಇರುತ್ತದೆ. ಮೇಲಾಗಿ ಬೀಜದ ಸಸಿ ಫಲ ಕೊಡಲು ನಾಲ್ಕೈದು ವರ್ಷ ಬೇಕು. ಈ ಕಾರಣದಿಂದ ಕತ್ತರಿಯ ವಂಶವಾಹಿಯನ್ನು ಸೇರಿಸದೆ, ಕತ್ತರಿ ಪ್ರೋಟೀನನ್ನೇ ನೇರವಾಗಿ ಜೀವಕೋಶಕ್ಕೆ ಕೊಟ್ಟು, ಆ ಒಂದು ಕೋಶದಿಂದ ಪೂರ್ತಿ ಗಿಡ ಬೆಳೆಸುವ ಕಷ್ಟದ ದಾರಿಯನ್ನು ಈಚಿನ ವರ್ಷಗಳಲ್ಲಿ ಹಿಡಿದಿದ್ದಾರೆ.

ಪ್ರಯೋಗಾಲಯಕ್ಕೆ ತೊಡಕಾದ ಈ ಗುಣವೇ ರೈತನಿಗೆ ವರವಾಗಿದೆ ಎಂಬುದನ್ನೂ ಗಮನಿಸಿರಿ. ಒಳ್ಳೆಯ ಮರದ ಬೀಜದಿಂದ ಅದೇ ಗುಣದ ಸಸಿಯನ್ನು ಬಡವನೂ ತನ್ನ ಹಿತ್ತಿಲಲ್ಲಿ ಮಾಡಿಕೊಳ್ಳಬಲ್ಲ. ಇಂಡಿಯ ಲಿಂಬೆಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿರುವುದರ ಹಿಂದೆ ಇಲ್ಲಿನ ಮಣ್ಣು, ಹವೆಗಳ ಜೊತೆಗೆ ಈ ಕುಟುಂಬಗಳ ದುಡಿಮೆಯೂ ಇದೆ.

ಒಂದು ಎಚ್ಚರಿಕೆ: ವಂಶವಾಹಿ ತಿದ್ದಿದ, ಕಜ್ಜಿ ಬರದ ಲಿಂಬೆ ತಳಿ ಭಾರತದಲ್ಲಿ ರೈತರಿಗೆ ಬಿಡುಗಡೆಯಾಗಿಲ್ಲ. ಹಾಗೆಂದು ಹೇಳಿ ಯಾರಾದರೂ ದುಬಾರಿ ಬೆಲೆಗೆ ಸಸಿ ಮಾರಲು ಬಂದರೆ ನಂಬಬೇಡಿರಿ. ಲಿಂಬೆ ತೋಟ ಒಂದು ಹಂಗಾಮಿನ ಮಾತಲ್ಲ. ಮಗುವಿನ ಜ್ಞಾನಸ್ನಾನದ ವರ್ಷ ನೆಟ್ಟ ಸಸಿ, ಆ ಮಗು ಶಾಲೆಗೆ ಹೋಗುವಾಗ ಫಲ ಕೊಡಲು ತೊಡಗಿ, ಅದರ ಮದುವೆಯ ಪ್ರಾಯದವರೆಗೂ ಮನೆಯನ್ನು ಸಾಕಬೇಕು. ತಪ್ಪು ಸಸಿಯ ಬೆಲೆ ಬಹಳ ದೊಡ್ಡದು.

ತೊಗರಿಯ ಮಾತು ಬೇರೆ

ಲಿಂಬೆಯ ಕಜ್ಜಿಗೆ ಬೀಗ ಯಾವುದೆಂದು ಗೊತ್ತಾಗಿದೆ. ತೊಗರಿಯ ನೆಟೆ ಅಷ್ಟು ಸರಳವಲ್ಲ. ಅದಕ್ಕೆ ಕಾರಣ ಮಣ್ಣಿನಲ್ಲಿರುವ ಫ್ಯುಸೇರಿಯಂ ಎಂಬ ಶಿಲೀಂಧ್ರ. ಬೆಳೆ ಕೊಯ್ದ ಮೇಲೂ ಅದು ಕೂಳೆಯಲ್ಲಿ ವರ್ಷಗಟ್ಟಲೆ ಬದುಕಿ, ಮತ್ತೆ ತೊಗರಿ ಬಿತ್ತಿದಾಗ ಬೇರಿನಿಂದ ಏರುತ್ತದೆ. ಶಿಲೀಂಧ್ರದಲ್ಲೂ ಒಂದಕ್ಕಿಂತ ಹೆಚ್ಚು ಬಗೆಗಳಿವೆ. ಒಂದು ಕಡೆ ತಡೆದು ನಿಂತ ತಳಿ ಇನ್ನೊಂದು ಕಡೆ ಸೋಲುವುದುಂಟು.

ಹಾಗೆಂದು ವಿಜ್ಞಾನ ಕೈಕಟ್ಟಿ ಕುಳಿತಿಲ್ಲ. ಹೈದರಾಬಾದಿನ ಹತ್ತಿರ ಪಟಾಂಚೆರುವಿನಲ್ಲಿ 1972ರಲ್ಲಿ ಆರಂಭವಾದ ಇಕ್ರಿಸ್ಯಾಟ್ ಸಂಸ್ಥೆ ಒಣಭೂಮಿಯ ಬೆಳೆಗಳಿಗಾಗಿಯೇ ಇದೆ. ಅಲ್ಲಿ ಆರಿಸಿದ, ನೆಟೆ ರೋಗ ತಾಳುವ ಮಾರುತಿ ತಳಿ 1980ರ ದಶಕದಲ್ಲಿ ನಮ್ಮ ರಾಜ್ಯದ ರೈತರಿಗೆ ಸಿಕ್ಕಿತು. ಅದು ನೆಟೆಯನ್ನು ತಾಳಿದರೂ, ಗಿಡ ಹೂಬಿಡದೆ ಪೊದೆಯಾಗುವ ಗೊಡ್ಡು ರೋಗವನ್ನು ತಾಳಲಿಲ್ಲ. ಆಮೇಲೆ ಕಲಬುರಗಿಯ ಕೃಷಿ ಸಂಶೋಧನಾ ಕೇಂದ್ರದಿಂದ ಟಿ.ಎಸ್.-3ಆರ್ ಮೊದಲಾದ ತಳಿಗಳು ಬಂದವು. ಇವು ಯಾವುವೂ ವಂಶವಾಹಿ ಕತ್ತರಿಸಿ ಮಾಡಿದವಲ್ಲ.

2011ರಲ್ಲಿ ಇಕ್ರಿಸ್ಯಾಟಿನ ರಾಜೀವ್ ವಾರ್ಷ್ಣೇಯ ಮತ್ತು ಅವರ ಸಂಗಡಿಗರು ಆಶಾ ಎಂಬ ತೊಗರಿ ತಳಿಯ ವಂಶವಾಹಿಗಳ ಪೂರ್ಣ ನಕ್ಷೆಯ ಕರಡನ್ನು ಪ್ರಕಟಿಸಿದರು. ಅದರಲ್ಲಿ 48,680 ವಂಶವಾಹಿಗಳನ್ನು ಅಂದಾಜಿಸಿದ್ದರು. ನಕ್ಷೆ ಸಿಕ್ಕಿತೆಂದರೆ ಊರು ಸೇರಿದಂತಲ್ಲ. ದಾರಿ ಹುಡುಕಲು ಅನುಕೂಲವಾಯಿತು, ಅಷ್ಟೇ. ತೊಗರಿಯ ಜೀವಕೋಶದಿಂದ ಗಾಜಿನ ಬಟ್ಟಲಿನಲ್ಲಿ ಪೂರ್ತಿ ಗಿಡ ಬೆಳೆಸುವುದು ಭತ್ತದಷ್ಟು ಸುಲಭವಲ್ಲವಾದ್ದರಿಂದ, ತಿದ್ದುಪಡಿಯ ಕೆಲಸ ತೊಗರಿಯಲ್ಲಿ ಹಿಂದೆ ಉಳಿದಿದೆ. ಆದರೆ ಬೇರೆ ದಾರಿಯಲ್ಲಿ ಮುನ್ನಡೆಯಾಗಿದೆ. ಬೆಳಕು, ಶಾಖಗಳನ್ನು ಹದಮಾಡಿ ವರ್ಷಕ್ಕೆ ಹಲವು ಪೀಳಿಗೆ ಬೆಳೆಸುವ ಕ್ರಮದಿಂದ, ಬೇಸಗೆಯ ಬಿಸಿಲನ್ನು ತಾಳಿ ಸುಮಾರು 125 ದಿನಗಳಲ್ಲಿ ಬರುವ ಐ.ಸಿ.ಪಿ.ವಿ. 25444 ಎಂಬ ತೊಗರಿಯನ್ನು ಇಕ್ರಿಸ್ಯಾಟ್ 2025ರಲ್ಲಿ ಪ್ರಕಟಿಸಿತು. ಅದರ ಪರೀಕ್ಷೆ ನಡೆದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಹೊಸ ತಳಿಗಳೆಲ್ಲ ಕತ್ತರಿಯಿಂದಲೇ ಬರಬೇಕೆಂದಿಲ್ಲ ಎಂಬುದಕ್ಕೆ ಇದು ಸಾಕ್ಷಿ.

ಹತ್ತಿ ಕಲಿಸಿದ ಪಾಠ

ಇಷ್ಟು ಒಳ್ಳೆಯದನ್ನು ಹೇಳಿದ ಮೇಲೆ ಹತ್ತಿಯನ್ನು ಮರೆಯಲಾಗದು. 1998ರ ನವೆಂಬರಿನಲ್ಲಿ ರಾಯಚೂರು ಜಿಲ್ಲೆಯಲ್ಲಿ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ನೇತೃತ್ವದ ರೈತ ಸಂಘದವರು ಪ್ರಯೋಗದ ಬಿ.ಟಿ. ಹತ್ತಿ ಬೆಳೆಯನ್ನು ಕಿತ್ತು ಸುಟ್ಟರು. ಆದರೂ 2002ರ ಮಾರ್ಚಿನಲ್ಲಿ ಕೇಂದ್ರದ ಅನುಮತಿ ದೊರೆಯಿತು; ಅನುಮತಿ ಪಡೆದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. ಕೆಲವೇ ವರ್ಷಗಳಲ್ಲಿ ದೇಶದ ಹತ್ತಿ ಹೊಲಗಳ ಬಹುಪಾಲನ್ನು ಬಿ.ಟಿ. ಹತ್ತಿ ಆವರಿಸಿತು. ಮೊದಮೊದಲು ಹಸಿರು ಕಾಯಿಕೊರಕಕ್ಕೆ ಹೊಡೆಯುವ ವಿಷ ಕಡಿಮೆಯಾದದ್ದು ನಿಜ. ಆಮೇಲೆ ಗುಲಾಬಿ ಕಾಯಿಕೊರಕ ಆ ವಿಷಕ್ಕೆ ಒಗ್ಗಿಕೊಂಡಿತು. ಹೊಲದ ಅಂಚಿನಲ್ಲಿ ಬಿ.ಟಿ. ಅಲ್ಲದ ಹತ್ತಿಯ ಸಾಲು ಬಿತ್ತಬೇಕೆಂಬ ನಿಯಮವನ್ನು ಪಾಲಿಸಿದವರು ಕಡಿಮೆ. ಆ ಸಾಲಿನಲ್ಲಿ ಬೆಳೆದ ಹುಳು ಒಗ್ಗಿಕೊಂಡ ಹುಳುವಿನೊಡನೆ ಕೂಡಿ, ಒಗ್ಗುವಿಕೆ ಹರಡದಿರಲೆಂಬುದು ಆ ನಿಯಮದ ಉದ್ದೇಶವಾಗಿತ್ತು.

ಇನ್ನೊಂದು ಬದಲಾವಣೆ ಸದ್ದಿಲ್ಲದೆ ಆಯಿತು. ಮಾರುಕಟ್ಟೆಗೆ ಬಂದ ಬಿ.ಟಿ. ಹತ್ತಿಗಳು ಬಹುತೇಕ ಸಂಕರ ಬೀಜಗಳು. ಸಂಕರ ಬೀಜದ ಬೆಳೆಯಿಂದ ತೆಗೆದ ಬೀಜ ಮುಂದಿನ ವರ್ಷ ಅದೇ ಗುಣ ಕೊಡುವುದಿಲ್ಲ. ಹೀಗಾಗಿ ಪ್ರತಿವರ್ಷ ಪೊಟ್ಟಣ ಕೊಳ್ಳುವುದು ಅನಿವಾರ್ಯವಾಯಿತು. ಮನೆಯ ಹತ್ತಿ ಬೀಜ ಎಂಬ ಮಾತೇ ಅನೇಕ ಊರುಗಳಿಂದ ಮರೆಯಾಯಿತು. ಇದರಲ್ಲಿ ವಂಶವಾಹಿಯ ತಪ್ಪಿಲ್ಲ. ಬೀಜವನ್ನು ಮಾರಿದ ಬಗೆಯಿಂದ ಬಂದ ಪರಿಣಾಮವದು. ಈ ಭೇದವನ್ನು ಚೆನ್ನಾಗಿ ನೆನಪಿಡಿರಿ.

ಬಿ.ಟಿ. ಬದನೆಯ ಕಥೆ ಬೇರೆಯಾಯಿತು. ಧಾರವಾಡದ ಕೃಷಿ ವಿಶ್ವವಿದ್ಯಾಲಯವೂ ಆ ಸಂಶೋಧನೆಯಲ್ಲಿ ಪಾಲುಗೊಂಡಿತ್ತು. 2009ರ ಅಕ್ಟೋಬರಿನಲ್ಲಿ ತಜ್ಞರ ಸಮಿತಿ ಒಪ್ಪಿಗೆ ಕೊಟ್ಟರೂ, ಆಗಿನ ಪರಿಸರ ಸಚಿವ ಜೈರಾಂ ರಮೇಶ್ ಬೆಂಗಳೂರೂ ಸೇರಿದಂತೆ ಹಲವು ನಗರಗಳಲ್ಲಿ ಸಾರ್ವಜನಿಕ ಸಭೆ ನಡೆಸಿ, 2010ರ ಫೆಬ್ರವರಿ 9ರಂದು ಅದನ್ನು ತಡೆಹಿಡಿದರು. ತಿನ್ನುವವರ ಮತ್ತು ಬೆಳೆಯುವವರ ಮಾತನ್ನು ಮುಂಚೆಯೇ ಕೇಳದಿದ್ದರೆ, ಹತ್ತಾರು ವರ್ಷದ ಸಂಶೋಧನೆಯೂ ಬಾಗಿಲಲ್ಲೇ ನಿಲ್ಲುತ್ತದೆ.

ಕಾನೂನು ಈಗ ಏನು ಹೇಳುತ್ತದೆ?

2022ರ ಮಾರ್ಚ್ 30ರಂದು ಕೇಂದ್ರ ಪರಿಸರ ಸಚಿವಾಲಯ ಒಂದು ಆದೇಶ ಹೊರಡಿಸಿತು. ಬೇರೆ ಜೀವಿಯ ವಂಶವಾಹಿ ಕೊನೆಯ ಗಿಡದಲ್ಲಿ ಉಳಿಯದಂತೆ ಮಾಡಿದ ತಿದ್ದುಪಡಿಗಳಿಗೆ, ಕುಲಾಂತರಿ ಬೆಳೆಗಳಿಗಿರುವ 1989ರ ಕಟ್ಟುನಿಟ್ಟಿನ ನಿಯಮಗಳಲ್ಲಿ ಕೆಲವುಗಳಿಂದ ವಿನಾಯಿತಿ ಕೊಟ್ಟಿತು. ಪರಕೀಯ ವಂಶವಾಹಿ ಉಳಿದಿಲ್ಲವೆಂದು ತೋರಿಸಿಕೊಡಬೇಕಾದ ಹೊಣೆ ಮಾತ್ರ ಇದ್ದೇ ಇದೆ.

2025ರ ಮೇ 4ರಂದು ಕೇಂದ್ರ ಕೃಷಿ ಸಚಿವ ಶಿವರಾಜ್ ಸಿಂಗ್ ಚೌಹಾಣ್ ಇಂಥ ಎರಡು ಭತ್ತದ ತಳಿಗಳನ್ನು ಪ್ರಕಟಿಸಿದರು. ಒಂದು, ಹೈದರಾಬಾದಿನ ಭಾರತೀಯ ಭತ್ತ ಸಂಶೋಧನಾ ಸಂಸ್ಥೆಯ ಕಮಲಾ. ನಾವು ಬಿ.ಪಿ.ಟಿ. ಎಂದು ಕರೆಯುವ ಸಾಂಬಾ ಮಸೂರಿಯಲ್ಲಿ, ತೆನೆಯ ಕಾಳಿನ ಸಂಖ್ಯೆಗೆ ಕಡಿವಾಣ ಹಾಕುವ ಒಂದು ವಂಶವಾಹಿಯನ್ನು ಕೆಲಸ ಮಾಡದಂತೆ ತಿದ್ದಿದ್ದಾರೆ. ಇಳುವರಿ ಶೇಕಡಾ 19ರಷ್ಟು ಹೆಚ್ಚು, ಕೊಯ್ಲು ಸುಮಾರು 20 ದಿನ ಮುಂಚೆ ಎಂಬುದು ಸಂಸ್ಥೆಯ ಲೆಕ್ಕ. ಇನ್ನೊಂದು, ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಪೂಸಾ ಡಿ.ಎಸ್.ಟಿ. ರೈಸ್ 1, ಇದು ಉಪ್ಪು ಮತ್ತು ಸವಳು ನೆಲವನ್ನು ಹೆಚ್ಚಾಗಿ ತಾಳುವಂಥದ್ದು. ಪರೀಕ್ಷೆಯ ಅಂಕಿಅಂಶಗಳನ್ನು ಪ್ರಶ್ನಿಸಿದವರೂ ಇದ್ದಾರೆ. ಆ ಪ್ರಶ್ನೆಗಳಿಗೆ ಬಹಿರಂಗವಾಗಿ ಉತ್ತರ ಸಿಗುವುದು ರೈತರ ಹಕ್ಕು.

ಈ ಎರಡೂ ತಳಿಗಳು ಸರ್ಕಾರಿ ಸಂಸ್ಥೆಗಳಲ್ಲಿ ಹುಟ್ಟಿದವು, ಸಂಕರ ಬೀಜಗಳಲ್ಲ. ಇದು ಸಮಾಧಾನದ ಮಾತು. ಆದರೆ ಕ್ರಿಸ್ಪರ್ ಕತ್ತರಿಯ ಮೇಲೆ ಪೇಟೆಂಟ್‌ಗಳಿವೆ. ವ್ಯಾಪಾರಕ್ಕೆ ಬಳಸುವವರು ಪರವಾನಗಿ ಪಡೆಯಬೇಕಾಗುತ್ತದೆ. ಆ ಖರ್ಚು ಕೊನೆಗೆ ಯಾರ ಹೆಗಲಿಗೆ ಬೀಳುತ್ತದೆಂದು ಕೇಳುವುದು ತಪ್ಪಲ್ಲ.

ನಮ್ಮ ಕೈಯಲ್ಲೂ ಒಂದು ಒಳ್ಳೆಯ ಕಾನೂನಿದೆ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯ ಪ್ರಕಾರ, ರೈತನು ತನ್ನ ಬೆಳೆಯಿಂದ ಬೀಜ ತೆಗೆದಿಡಬಹುದು, ಮತ್ತೆ ಬಿತ್ತಬಹುದು, ನೆರೆಯವರೊಡನೆ ಬದಲಾಯಿಸಬಹುದು, ಮಾರಲೂಬಹುದು. ಸಂರಕ್ಷಿತ ತಳಿಯ ಬೀಜವನ್ನು ಬ್ರ್ಯಾಂಡ್ ಹೆಸರು ಹಾಕಿ ಮಾರುವುದಕ್ಕೆ ಮಾತ್ರ ಅವಕಾಶವಿಲ್ಲ.

ಧರ್ಮಸಭೆಯ ಬೋಧನೆ

ಧರ್ಮಸಭೆ ಈ ವಿಷಯದಲ್ಲಿ ಒಂದೇ ಮಾತಿನಲ್ಲಿ ಸರಿ ಎಂದೋ ತಪ್ಪು ಎಂದೋ ತೀರ್ಪು ಕೊಟ್ಟಿಲ್ಲ. ಸಂತ ಎರಡನೆಯ ಜಾನ್ ಪೌಲರು 2000ದ ನವೆಂಬರಿನಲ್ಲಿ ಕೃಷಿಕರ ಜೂಬಿಲಿಯ ಸಂದರ್ಭದಲ್ಲಿ, ಕೃಷಿಯ ಜೈವಿಕ ತಂತ್ರಗಳನ್ನು ತಕ್ಷಣದ ಲಾಭದಿಂದ ಮಾತ್ರ ಅಳೆಯಬಾರದೆಂದೂ, ಮೊದಲು ವಿಜ್ಞಾನದ ಮತ್ತು ನೀತಿಯ ಕಠಿಣ ಪರೀಕ್ಷೆಗೆ ಒಳಪಡಿಸಬೇಕೆಂದೂ ಎಚ್ಚರಿಸಿದರು. ದಿವಂಗತ ಪೋಪ್ ಫ್ರಾನ್ಸಿಸರು 2015ರ ಲೌದಾತೊ ಸೀ ಪರಿಪತ್ರದಲ್ಲಿ ಇದನ್ನು ಮುಂದುವರಿಸಿದರು. ಕುಲಾಂತರಿ ಬೆಳೆಗಳ ಬಗ್ಗೆ ಎಲ್ಲಕ್ಕೂ ಒಂದೇ ತೀರ್ಪು ಸಾಧ್ಯವಿಲ್ಲ, ಒಂದೊಂದನ್ನೂ ಬೇರೆಬೇರೆಯಾಗಿ ನೋಡಬೇಕು ಎಂಬುದು ಅವರ ಮಾತಿನ ಸಾರ. ಅವರು ಹೆಚ್ಚು ಚಿಂತಿಸಿದ್ದು ಭೂಮಿ ಕೆಲವರ ಕೈಸೇರುವುದನ್ನು, ಸಣ್ಣ ರೈತರು ಮರೆಯಾಗುವುದನ್ನು, ಬೀಜಕ್ಕಾಗಿ ದೊಡ್ಡ ಕಂಪನಿಗಳ ಬಾಗಿಲು ಕಾಯಬೇಕಾಗುವುದನ್ನು ಕುರಿತು. ರೈತರು, ಕೊಳ್ಳುವವರು, ವಿಜ್ಞಾನಿಗಳು, ಹೊಲದ ನೆರೆಯಲ್ಲಿ ವಾಸಿಸುವವರು, ಎಲ್ಲರೂ ಕೂಡಿ ಚರ್ಚಿಸಬೇಕೆಂದು ಅವರು ಬಯಸಿದರು.

ಆದಿಕಾಂಡದಲ್ಲಿ ದೇವರು ಮನುಷ್ಯನನ್ನು ತೋಟದಲ್ಲಿಟ್ಟಾಗ ಎರಡು ಕೆಲಸ ಒಪ್ಪಿಸಿದರು: ಅದನ್ನು ವ್ಯವಸಾಯ ಮಾಡುವುದು, ಅದನ್ನು ಕಾಯುವುದು. ಮೊಮ್ಮಗ ಮೊದಲನೆಯದನ್ನು ಹಿಡಿದಿದ್ದಾನೆ, ಮುತ್ಯಾ ಎರಡನೆಯದನ್ನು. ಎರಡೂ ಕೂಡಿದರೇ ಒಂದು ಆಜ್ಞೆ. ಬಲಿಪೂಜೆಯಲ್ಲಿ ಅರ್ಪಿಸುವ ರೊಟ್ಟಿಯನ್ನು ಧರ್ಮಸಭೆ ಭೂಮಿಯ ಫಲವೆಂದೂ ಕಾಣುತ್ತದೆ, ಮನುಷ್ಯನ ದುಡಿಮೆಯ ಫಲವೆಂದೂ ಕಾಣುತ್ತದೆ. ಪ್ರಯೋಗಾಲಯದ ದುಡಿಮೆಯೂ ದುಡಿಮೆಯೇ. ಆದರೆ ಅದರ ಫಲ ಬಡವನ ತಟ್ಟೆಗೂ ತಲುಪಬೇಕು.

ಹೊಸ ಬೀಜ ಬಂದಾಗ ಕೇಳಬೇಕಾದ ಪ್ರಶ್ನೆಗಳು

ಹೆಸರು ಕೇಳಿಯೇ ಹೆದರಬೇಡಿರಿ. ಹೆಸರು ಕೇಳಿಯೇ ಮರುಳಾಗಲೂಬೇಡಿರಿ. ಯಾವುದೇ ಹೊಸ ಬೀಜದ ಮುಂದೆ ಈ ನಾಲ್ಕು ಪ್ರಶ್ನೆಗಳನ್ನಿಡಿರಿ.

1. ಇದರಲ್ಲಿ ಏನನ್ನು ಬದಲಿಸಿದ್ದಾರೆ? ಗಿಡದ ಸ್ವಂತ ವಂಶವಾಹಿಯನ್ನು ತಿದ್ದಿದ್ದಾರೆಯೇ, ಹೊರಗಿನದನ್ನು ಸೇರಿಸಿದ್ದಾರೆಯೇ?

2. ನಮ್ಮ ಎರೆಮಣ್ಣಿನಲ್ಲಿ, ನಮ್ಮ ಮಳೆಯಲ್ಲಿ, ಎಷ್ಟು ಹಂಗಾಮು ಪರೀಕ್ಷೆ ಮಾಡಿದ್ದಾರೆ? ಬೇರೆ ರಾಜ್ಯದ ನೀರಾವರಿ ಹೊಲದ ಫಲಿತಾಂಶ ಸಿಂದಗಿಯ ಒಣಭೂಮಿಗೆ ಹೊಂದಬೇಕೆಂದಿಲ್ಲ.

3. ಈ ಬೆಳೆಯ ಬೀಜವನ್ನು ತೆಗೆದಿಟ್ಟು ಮುಂದಿನ ವರ್ಷ ಬಿತ್ತಬಹುದೇ?

4. ಬೆಳೆ ಸೋತರೆ ಹೊಣೆ ಯಾರು? ಚೀಲದ ಮೇಲೆ ಚೀಟಿ ಇದೆಯೇ, ರಸೀದಿ ಕೊಡುತ್ತಾರೆಯೇ?

ಅನುಮತಿಯಿಲ್ಲದ, ಕಳೆನಾಶಕ ತಾಳುವ ಹತ್ತಿ ಬೀಜ ನಮ್ಮ ದೇಶದಲ್ಲಿ ಕಳ್ಳದಾರಿಯಿಂದ ಮಾರಾಟವಾಗಿದೆ. ಅಂಥ ಬೀಜ ಕೈಕೊಟ್ಟರೆ ರಸೀದಿಯೂ ಇಲ್ಲ, ಪರಿಹಾರವೂ ಇಲ್ಲ.

ಈ ವರ್ಷವೇ ಮಾಡಬಹುದಾದದ್ದು

ಕತ್ತರಿಯ ತೊಗರಿಗಾಗಿ ಕಾಯುತ್ತ ಕುಳಿತರೆ ಈ ವರ್ಷದ ನೆಟೆ ನಿಲ್ಲುವುದಿಲ್ಲ. ಒಂದೇ ಹೊಲದಲ್ಲಿ ವರ್ಷವರ್ಷವೂ ತೊಗರಿ ಬಿತ್ತದೆ ಜೋಳದೊಡನೆ ಬೆಳೆ ಬದಲಾಯಿಸಿರಿ. ಜೋಳ ಬೆಳೆದ ನೆಲದಲ್ಲಿ ನೆಟೆಯ ಕಾಟ ಕಡಿಮೆಯಾಗುತ್ತದೆ. ನೆಟೆ ತಾಳುವ ತಳಿಯನ್ನೇ ಆರಿಸಿ, ಟ್ರೈಕೋಡರ್ಮಾದಿಂದ ಬೀಜೋಪಚಾರ ಮಾಡಿ ಬಿತ್ತಿರಿ. ರೋಗದ ಗಿಡದ ಕೂಳೆಯನ್ನು ಹೊಲದಲ್ಲಿ ಬಿಡಬೇಡಿರಿ. ಲಿಂಬೆಯ ಕಜ್ಜಿ ಹತ್ತಿದ ರೆಂಬೆಗಳನ್ನು ಮಳೆಗಾಲಕ್ಕೆ ಮುಂಚೆ ಕತ್ತರಿಸಿ ಸುಡಿರಿ; ತಾಮ್ರದ ಔಷಧವನ್ನು ಅಳತೆ ಕೇಳಿ ಸಿಂಪಡಿಸಿರಿ. ಇಂಡಿಯಲ್ಲಿಯೂ ವಿಜಯಪುರದ ಹಿಟ್ಟಿನಹಳ್ಳಿಯಲ್ಲಿಯೂ ಕೃಷಿ ವಿಜ್ಞಾನ ಕೇಂದ್ರಗಳಿವೆ, ಸಲಹೆಗೆ ದುಡ್ಡಿಲ್ಲ. ಧರ್ಮಕೇಂದ್ರದ ಸಭೆಗೆ ಅಲ್ಲಿನ ವಿಜ್ಞಾನಿಗಳನ್ನು ಒಮ್ಮೆ ಕರೆಯಿಸಿ, ಊರಿನ ಎಲ್ಲ ರೈತರನ್ನೂ ಜಾತಿಮತ ನೋಡದೆ ಕೂಡಿಸಿರಿ.

ಕೊನೆಯದಾಗಿ, ಮನೆಯ ಬೀಜದ ಗಡಿಗೆಯನ್ನು ಬರಿದು ಮಾಡಬೇಡಿರಿ. ತೊಗರಿಗೆ ಕೆಮ್ಮಣ್ಣು ಹಚ್ಚಿ ಒಣಗಿಸುವುದು, ಕಾಳಿನಲ್ಲಿ ಬೇವಿನ ಸೊಪ್ಪು ಬೆರೆಸಿಡುವುದು ನಿಮ್ಮ ಅವ್ವಂದಿರಿಗೆ, ಆಯಿಯರಿಗೆ ಗೊತ್ತು. ಇದು ಹಳೆಯದರ ಮೋಹವಲ್ಲ. ವಿಜ್ಞಾನಿಯ ಕತ್ತರಿ ಇದ್ದ ವಂಶವಾಹಿಯನ್ನು ತಿದ್ದಬಲ್ಲದು. ಕಳೆದುಹೋದ ತಳಿಯನ್ನು ಮರಳಿ ತರಲಾರದು. ನಾಳೆ ಕಮಲಾದಂಥ ತೊಗರಿಯೊಂದು ಬರುವುದಾದರೆ, ಅದಕ್ಕೆ ತಾಯಿಯಾಗಿ ಯಾರದೋ ಮನೆಯ ಬೀಜವೇ ಬೇಕಾದೀತು. ಅದು ನಿಮ್ಮ ಮನೆಯದೇ ಏಕಾಗಬಾರದು?

ಕುಟುಂಬದಲ್ಲಿ ಚರ್ಚೆಗೆ

1. ನಮ್ಮ ಹೊಲದಲ್ಲಿ ಮುತ್ಯಾನ ಕಾಲದಲ್ಲಿ ಬಿತ್ತುತ್ತಿದ್ದ ಯಾವ ತಳಿಗಳು ಇಂದು ಇಲ್ಲ? ಅವು ಏಕೆ ಹೋದವು?

2. ಈ ವರ್ಷ ಬೀಜಕ್ಕೆಂದು ನಾವು ಮಾಡಿದ ಖರ್ಚೆಷ್ಟು? ಅದರಲ್ಲಿ ಮನೆಯಲ್ಲೇ ತೆಗೆದಿಡಬಹುದಾಗಿದ್ದ ಬೀಜ ಎಷ್ಟು?

3. ರೋಗ ತಾಳುವ ತಿದ್ದಿದ ತೊಗರಿ ನಾಳೆ ಬಂದರೆ, ಮೇಲಿನ ನಾಲ್ಕು ಪ್ರಶ್ನೆಗಳಿಗೆ ಯಾವ ಉತ್ತರ ಸಿಕ್ಕಿದರೆ ನಾವು ಬಿತ್ತುತ್ತೇವೆ?